48 ಸೀಟು, 49 ಹೆಸರು: ಕೋಡ್ ಬರೆಯುವ ಮೊದಲು ಮಾದರಿ ಏಕೆ ಬೇಕು?

ಕಳೆದ ವರ್ಷ ಪಿಲಿಕುಳದ ತಾರಾಲಯಕ್ಕೆ ಹೊರಟಿದ್ದ ನಮ್ಮ ಕಾಲೇಜಿನ ಬಸ್ಸು ಗೇಟಿನ ಬಳಿ ಹತ್ತು ನಿಮಿಷ ನಿಂತೇ ಇತ್ತು. ಹಲವರಿಗೆ ಅದು ನೆನಪಿರಬಹುದು, ಆದರೆ ಯಾಕೆ ನಿಂತಿತ್ತು ಎಂಬುದು ಎಲ್ಲರಿಗೂ ಗೊತ್ತಿಲ್ಲ. ವಿದ್ಯಾರ್ಥಿಗಳಿಗೆಂದು ಇದ್ದದ್ದು 48 ಸೀಟು. ನನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ 49 ಹೆಸರು. ಕೊನೆಗೆ ಹತ್ತಿದ ಪ್ರಥಮ ಪಿಯುಸಿಯ ಹುಡುಗಿಯೊಬ್ಬಳಿಗೆ ಕೂರಲು ಜಾಗವಿರಲಿಲ್ಲ. ಅವಳು ಮೊದಲ ದಿನವೇ ಹೆಸರು ಕೊಟ್ಟಿದ್ದಳು, ಹಣವನ್ನೂ ಕಟ್ಟಿದ್ದಳು. ಯಾರನ್ನೂ ನಿಲ್ಲಿಸಿಕೊಂಡು ಹೋಗಬಾರದೆಂದು ಪ್ರಾಂಶುಪಾಲರು ಮೊದಲೇ ಹೇಳಿದ್ದರು. ನಾನು ಪಟ್ಟಿಯನ್ನು ಎರಡನೆಯ ಸಲ ಎಣಿಸುತ್ತಿದ್ದಾಗ ಅವಳೇ, "ಪರವಾಗಿಲ್ಲ ಮೇಡಂ, ನಾನು ಮುಂದಿನ ಸಲ ಬರ್ತೇನೆ" ಎಂದು ಬುತ್ತಿಯ ಚೀಲ ಹಿಡಿದು ಇಳಿದುಬಿಟ್ಟಳು.

ಆ ಪಟ್ಟಿಯನ್ನು ಸಿದ್ಧಪಡಿಸಿದ್ದು ನಾನು ಬರೆದ ಪ್ರೋಗ್ರಾಂ. ತಪ್ಪು ಅವಳದ್ದಲ್ಲ, ಹೆಸರು ಬರೆದುಕೊಂಡ ಹುಡುಗರದ್ದೂ ಅಲ್ಲ. ನಾನು ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವಳು. ಪಠ್ಯಪುಸ್ತಕದಲ್ಲಿಲ್ಲದ ಒಂದು ವಿಷಯವನ್ನು ಆ ತಪ್ಪು ನನಗೆ ಕಲಿಸಿತು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಲು ಈ ಲೇಖನ.

ಪರೀಕ್ಷೆ ಮಾಡಿದ್ದೆ, ಪಾಸಾಗಿತ್ತು

ಪ್ರೋಗ್ರಾಂ ದೊಡ್ಡದೇನೂ ಅಲ್ಲ. ಪೈಥಾನ್‌ನಲ್ಲಿ ಬರೆದ ಕೆಲವೇ ಸಾಲುಗಳು. ಒಂದು ಫೈಲಿನಲ್ಲಿ ಹೆಸರುಗಳು, ಇನ್ನೊಂದರಲ್ಲಿ ಉಳಿದ ಸೀಟುಗಳ ಸಂಖ್ಯೆ. ಒಂದು ಸಂಜೆ ಲ್ಯಾಬ್‌ನಲ್ಲಿ ಒಬ್ಬಳೇ ಕೂತು 48 ಹೆಸರು ಹಾಕಿ ನೋಡಿದೆ. 49ನೆಯದಕ್ಕೆ "ಸೀಟು ಭರ್ತಿಯಾಗಿದೆ" ಎಂದಿತು. ಹೆಸರಿನ ಜಾಗ ಖಾಲಿ ಬಿಟ್ಟೆ, ಒಂದೇ ರಿಜಿಸ್ಟರ್ ನಂಬರನ್ನು ಎರಡು ಸಲ ಕೊಟ್ಟೆ. ಎಲ್ಲದಕ್ಕೂ ಸರಿಯಾದ ಉತ್ತರವೇ ಬಂತು. ಪ್ರವಾಸ ಮುಗಿದ ಮರುದಿನ ಮತ್ತೆ ಅದನ್ನೇ ಮಾಡಿದೆ. ಆಗಲೂ ಪ್ರೋಗ್ರಾಂ ಸರಿಯಾಗಿಯೇ ನಡೆಯಿತು. ಫೈಲಿನಲ್ಲಿ ಮಾತ್ರ ಹೆಸರು 49, ಉಳಿದ ಸೀಟು 0.

ಮೂರು ದಿನ ತಲೆ ಕೆಡಿಸಿಕೊಂಡ ಮೇಲೆ ಒಂದು ವಿಷಯ ಹೊಳೆಯಿತು. ಪರೀಕ್ಷೆಯ ಹೊತ್ತಿಗೆ ನಾನು ಒಬ್ಬಳೇ ಇದ್ದೆ, ಒಂದೇ ಕಂಪ್ಯೂಟರಿನಲ್ಲಿ. ಹೆಸರು ಬರೆಸಿಕೊಂಡ ದಿನ ಹುಡುಗರ ಸಾಲಿಗೊಂದು, ಹುಡುಗಿಯರ ಸಾಲಿಗೊಂದು, ಹೀಗೆ ಎರಡು ಕಂಪ್ಯೂಟರ್ ಇದ್ದವು. ಎರಡೂ ಒಂದೇ ಫೈಲಿಗೆ ಬರೆಯುತ್ತಿದ್ದವು.

ಮೂರು ಹೆಜ್ಜೆ, ಇಪ್ಪತ್ತು ಕ್ರಮ

ದ್ವಿತೀಯ ಪಿಯುಸಿ ತರಗತಿಯಲ್ಲಿ ಇದನ್ನೇ ಬೋರ್ಡಿನ ಮೇಲೆ ಹಾಕಿದೆ. ಪ್ರೋಗ್ರಾಂ ಒಂದು ಹೆಸರಿಗೆ ಮಾಡುವ ಕೆಲಸ ಮೂರು ಹೆಜ್ಜೆಯದು.

ಹೆಜ್ಜೆ 1: ಉಳಿದ ಸೀಟು ಎಷ್ಟೆಂದು ಓದು.
ಹೆಜ್ಜೆ 2: ಸೀಟು ಇದ್ದರೆ ಹೆಸರು ಬರೆ.
ಹೆಜ್ಜೆ 3: ಓದಿದ ಸಂಖ್ಯೆಯಿಂದ 1 ಕಳೆದು ಫೈಲಿಗೆ ಬರೆ.

ಹುಡುಗರ ಸಾಲಿನ ಕಂಪ್ಯೂಟರ್ 'ಅ', ಹುಡುಗಿಯರ ಸಾಲಿನದು 'ಬ' ಎಂದುಕೊಳ್ಳೋಣ. ಲೆಕ್ಕ ಚಿಕ್ಕದಾಗಿರಲಿ ಎಂದು ಒಂದೇ ಸೀಟು ಉಳಿದಿದೆ ಎಂದು ಭಾವಿಸೋಣ. ಅ ಓದಿತು: ಉಳಿದದ್ದು 1. ಅದು ಮುಂದಿನ ಹೆಜ್ಜೆ ಇಡುವ ಮೊದಲೇ ಬ ಕೂಡ ಓದಿತು: ಉಳಿದದ್ದು 1. ಅ ಹೆಸರು ಬರೆಯಿತು, ಬ ಕೂಡ ಬರೆಯಿತು. ಅ, 1ರಿಂದ 1 ಕಳೆದು 0 ಎಂದು ಬರೆಯಿತು. ಬ ಕೂಡ 0 ಎಂದೇ ಬರೆಯಿತು. ಹೆಸರು ಎರಡು, ಸೀಟು ಒಂದು, ಫೈಲಿನಲ್ಲಿ ಉಳಿದ ಸೀಟು 0. ಸಂಖ್ಯೆ ಮೈನಸ್‌ಗೆ ಹೋಗದ ಕಾರಣ ಯಾರಿಗೂ ಅನುಮಾನ ಬರಲಿಲ್ಲ.

ನಿಜವಾಗಿ ಇದು ಕೊನೆಯ ಸೀಟಿನಲ್ಲೇ ಆಗಬೇಕೆಂದಿಲ್ಲ. 30 ಸೀಟು ಉಳಿದಿದ್ದಾಗ ಒಮ್ಮೆ ಹೀಗಾದರೂ ಸಾಕು. ಹೆಸರು ಎರಡು ಸೇರುತ್ತದೆ, ಸಂಖ್ಯೆ ಒಂದೇ ಇಳಿಯುತ್ತದೆ. ಕೊನೆಯಲ್ಲಿ ಒಂದು ಹೆಸರು ಹೆಚ್ಚಾಗಿಯೇ ಆಗುತ್ತದೆ. ಆದ್ದರಿಂದ 49ರಲ್ಲಿ ಹೆಚ್ಚಾದ ಹೆಸರು ಯಾವುದೆಂದು ಪಟ್ಟಿ ನೋಡಿ ಹೇಳುವ ಹಾಗೆಯೇ ಇರಲಿಲ್ಲ. ಆ ಹುಡುಗಿ ಇಳಿದದ್ದು ಕೊನೆಗೆ ಬಸ್ ಹತ್ತಿದಳು ಎಂಬ ಒಂದೇ ಕಾರಣಕ್ಕೆ.

ಈ ಆರು ಹೆಜ್ಜೆಗಳು ಒಟ್ಟು ಎಷ್ಟು ಕ್ರಮದಲ್ಲಿ ನಡೆಯಬಹುದು? ಅ1ರ ನಂತರವೇ ಅ2, ಅ2ರ ನಂತರವೇ ಅ3. ಬ ಕೂಡ ಹಾಗೆಯೇ. ಗಣಿತದಲ್ಲಿ ನೀವು ಕಲಿಯುವ ಕ್ರಮಯೋಜನೆ ಮತ್ತು ವಿಕಲ್ಪ ಇಲ್ಲಿ ಕೆಲಸಕ್ಕೆ ಬರುತ್ತದೆ. 6!ನ್ನು 3! × 3!ರಿಂದ ಭಾಗಿಸಿದರೆ 20. ಹುಡುಗರು ಇಪ್ಪತ್ತನ್ನೂ ಬೋರ್ಡಿನ ಮೇಲೆ ಬರೆದು ಒಂದೊಂದಾಗಿ ಪರಿಶೀಲಿಸಿದರು. ಒಂದು ಕಂಪ್ಯೂಟರಿನ ಕೆಲಸ ಪೂರ್ತಿ ಮುಗಿದ ಮೇಲೆ ಇನ್ನೊಂದು ಶುರುವಾದರೆ ಮಾತ್ರ ಲೆಕ್ಕ ಸರಿಯಾಗುತ್ತದೆ. ಅಂಥ ಕ್ರಮ ಎರಡೇ. ಉಳಿದ 18ರಲ್ಲೂ ಒಂದು ಸೀಟಿಗೆ ಇಬ್ಬರ ಹೆಸರು.

ಇಪ್ಪತ್ತರಲ್ಲಿ ಹದಿನೆಂಟು ತಪ್ಪು, ಆದರೂ ನನ್ನ ಪರೀಕ್ಷೆಯಲ್ಲಿ ಒಂದೂ ಕಾಣಲಿಲ್ಲ! ಕಾರಣ ಸರಳ. ಕಂಪ್ಯೂಟರಿಗೆ ಈ ಮೂರು ಹೆಜ್ಜೆಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಆ ಹೊತ್ತಿನೊಳಗೇ ಇನ್ನೊಂದು ಕಂಪ್ಯೂಟರಿನಲ್ಲೂ ಎಂಟರ್ ಒತ್ತಿದರೆ ಮಾತ್ರ ಎರಡರ ಹೆಜ್ಜೆಗಳು ಹೆಣೆದುಕೊಳ್ಳುತ್ತವೆ. ಒಬ್ಬಳೇ ಕೂತು ಪರೀಕ್ಷಿಸಿದರೆ ಸರಿಯಾದ ಎರಡು ಕ್ರಮಗಳಷ್ಟೇ ಮತ್ತೆ ಮತ್ತೆ ನಡೆಯುತ್ತವೆ. ಅದನ್ನು ಸಾವಿರ ಸಲ ಮಾಡಿದರೂ ಫಲ ಅದೇ.

ಮೂರು ಕಂಪ್ಯೂಟರ್ ಇದ್ದಿದ್ದರೆ? 1,680 ಕ್ರಮ. ನಾಲ್ಕಿದ್ದರೆ 3,69,600. ಬೋರ್ಡಿನ ಮೇಲೆ ಬರೆದು ಮುಗಿಯುವ ಮಾತಲ್ಲ. ಅಲ್ಲಿಂದ ಮುಂದೆ ಯಂತ್ರದ ಸಹಾಯ ಬೇಕು.

ಮಾದರಿ ಎಂದರೇನು?

ಬೋರ್ಡಿನ ಮೇಲೆ ನಾವು ಮಾಡಿದ್ದನ್ನೇ ಗಣಿತದ ಖಚಿತ ಭಾಷೆಯಲ್ಲಿ ಬರೆದರೆ ಅದಕ್ಕೆ ಫಾರ್ಮಲ್ ಮಾಡೆಲ್ ಎನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಮೂರು ಸಂಗತಿಗಳಿರುತ್ತವೆ.

ಮೊದಲನೆಯದು ಸ್ಥಿತಿ. ಯಾವ ಕ್ಷಣದಲ್ಲಿ ಏನೇನು ನೆನಪಿಡಬೇಕು ಎಂಬ ಪಟ್ಟಿ. ನಮ್ಮಲ್ಲಿ ಅದು ಹೆಸರುಗಳು, ಉಳಿದ ಸೀಟು, ಪ್ರತಿ ಕಂಪ್ಯೂಟರ್ ಯಾವ ಹೆಜ್ಜೆಯಲ್ಲಿದೆ, ಅದು ಓದಿಟ್ಟುಕೊಂಡ ಸಂಖ್ಯೆ ಎಷ್ಟು ಎಂಬುದು. ಎರಡನೆಯದು ಕ್ರಿಯೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವ ದಾರಿಗಳು. ಮೂರನೆಯದು ಎಂದೂ ಮುರಿಯಬಾರದ ನಿಯಮ. ಇದಕ್ಕೆ ಇನ್‌ವೇರಿಯೆಂಟ್ ಎಂದು ಹೆಸರು. ನಮ್ಮ ನಿಯಮ ಒಂದೇ ಸಾಲಿನದು: ಹೆಸರುಗಳ ಸಂಖ್ಯೆ ಸೀಟುಗಳ ಸಂಖ್ಯೆಯನ್ನು ಮೀರಬಾರದು.

ಇದು ಕೋಡ್ ಅಲ್ಲ. ಪರದೆ ಹೇಗಿರಬೇಕು, ಫೈಲಿನ ಹೆಸರೇನು ಎಂಬ ಯಾವ ವಿವರವೂ ಇದರಲ್ಲಿಲ್ಲ. ಮನೆ ಕಟ್ಟುವ ಮೊದಲು ಇಂಜಿನಿಯರ್ ಹಾಕುವ ನಕ್ಷೆಯಲ್ಲಿ ಗೋಡೆಯ ಬಣ್ಣ ಇರುವುದಿಲ್ಲ, ಆದರೆ ಕಂಬ ಭಾರ ಹೊರುತ್ತದೆಯೇ ಎಂಬ ಲೆಕ್ಕ ಇರುತ್ತದೆ. ಮಾದರಿಯೂ ಅಂಥ ನಕ್ಷೆ. ವ್ಯತ್ಯಾಸವೆಂದರೆ, ಈ ನಕ್ಷೆಯನ್ನು ಕಂಪ್ಯೂಟರೇ ಪರಿಶೀಲಿಸಬಲ್ಲದು.

ಹಾಗೆ ಪರಿಶೀಲಿಸುವ ತಂತ್ರಾಂಶಕ್ಕೆ ಮಾಡೆಲ್ ಚೆಕರ್ ಎನ್ನುತ್ತಾರೆ. ಅದು ಆರಂಭದ ಸ್ಥಿತಿಯಿಂದ ಹೊರಟು, ಅಲ್ಲಿ ನಡೆಯಬಹುದಾದ ಪ್ರತಿಯೊಂದು ಕ್ರಿಯೆಯನ್ನೂ ಮಾಡಿ ನೋಡುತ್ತದೆ. ಬಂದ ಪ್ರತಿ ಹೊಸ ಸ್ಥಿತಿಯಲ್ಲೂ ನಿಯಮ ಉಳಿದಿದೆಯೇ ಎಂದು ಕೇಳುತ್ತದೆ. ನೋಡಿ ಮುಗಿಸಿದ ಸ್ಥಿತಿಯನ್ನು ನೆನಪಿಟ್ಟುಕೊಂಡು, ಅದೇ ಮತ್ತೆ ಬಂದರೆ ಬಿಟ್ಟು ಮುಂದೆ ಹೋಗುತ್ತದೆ. ನಿಯಮ ಮುರಿದ ಕೂಡಲೇ ನಿಂತು, ಅಲ್ಲಿಗೆ ಬಂದ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ಬರೆದು ತೋರಿಸುತ್ತದೆ. "ತಪ್ಪಿದೆ" ಎಂದಷ್ಟೇ ಹೇಳದೆ "ಹೀಗೆ ತಪ್ಪಾಗುತ್ತದೆ" ಎಂದು ತೋರಿಸುವುದೇ ಇದರ ದೊಡ್ಡ ಉಪಕಾರ.

1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಎಡ್ಮಂಡ್ ಕ್ಲಾರ್ಕ್ ಮತ್ತು ಅಲೆನ್ ಎಮರ್ಸನ್, ಫ್ರಾನ್ಸಿನಲ್ಲಿ ಜೋಸೆಫ್ ಸಿಫಾಕಿಸ್ ಈ ವಿಧಾನಕ್ಕೆ ಬುನಾದಿ ಹಾಕಿದರು. ಮೂವರಿಗೂ 2007ರ ಟ್ಯೂರಿಂಗ್ ಪ್ರಶಸ್ತಿ ಬಂತು. ಮಾದರಿ ಬರೆಯಲು ಟಿಎಲ್‌ಎ ಪ್ಲಸ್ ಎಂಬ ಭಾಷೆಯನ್ನು ರೂಪಿಸಿದ ಲೆಸ್ಲಿ ಲ್ಯಾಂಪೋರ್ಟ್ ಅವರಿಗೆ 2013ರದ್ದು ಬಂತು. ಈ ಭಾಷೆಯ ಉಪಕರಣಗಳು ಉಚಿತ. ಇದರಲ್ಲಿ ಬಳಕೆಯಾಗುವುದು ಗಣಗಳು, 'ಮತ್ತು', 'ಅಥವಾ', 'ಅಲ್ಲ' ಎಂಬ ತರ್ಕದ ಚಿಹ್ನೆಗಳು. ಪಿಯುಸಿಯ ಗಣಿತ ಓದಿದವರಿಗೆ ಅಪರಿಚಿತವೇನಲ್ಲ.

ಬಸ್ಸಿನ ಸೀಟಿನಷ್ಟೇ ಅಲ್ಲ

ಒಂದು ಸೀಟಿನ ವಿಷಯಕ್ಕೆ ಇಷ್ಟೆಲ್ಲ ಬೇಕೆ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ನಾನು ಅವನಿಗೆ ಥೆರಾಕ್-25ರ ಕಥೆ ಹೇಳಿದೆ.

ಅದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರ, ಕೆನಡಾದಲ್ಲಿ ತಯಾರಾದದ್ದು. ಹಳೆಯ ಯಂತ್ರಗಳಲ್ಲಿ ಅಪಾಯ ತಡೆಯಲು ಪ್ರತ್ಯೇಕ ವಿದ್ಯುತ್ ಮತ್ತು ಯಾಂತ್ರಿಕ ತಡೆಗಳಿದ್ದವು. ಇದರಲ್ಲಿ ಆ ಹೊಣೆಯ ಬಹುಪಾಲನ್ನು ತಂತ್ರಾಂಶಕ್ಕೇ ಒಪ್ಪಿಸಿದ್ದರು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದ ಆಸ್ಪತ್ರೆಗಳಲ್ಲಿ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ತಗುಲಿತು. ಅವರಲ್ಲಿ ಕೆಲವರು ಅದರಿಂದಲೇ ತೀರಿಕೊಂಡರು.

1986ರಲ್ಲಿ ಟೆಕ್ಸಾಸಿನ ಟೈಲರ್ ಎಂಬ ಊರಿನ ಆಸ್ಪತ್ರೆಯಲ್ಲಿ ನಡೆದದ್ದು ಹೀಗೆ. ಯಂತ್ರ ನಡೆಸುವಾಕೆ ಚಿಕಿತ್ಸೆಯ ವಿಧಕ್ಕೆ ತಪ್ಪು ಅಕ್ಷರ ಒತ್ತಿದಳು, ಕೂಡಲೇ ಹಿಂದಕ್ಕೆ ಹೋಗಿ ತಿದ್ದಿದಳು. ಯಂತ್ರದೊಳಗಿನ ಅಯಸ್ಕಾಂತಗಳು ಹೊಂದಿಕೊಳ್ಳಲು ಸುಮಾರು 8 ಸೆಕೆಂಡು ಬೇಕಿತ್ತು. ಅಷ್ಟರೊಳಗೆ ತಿದ್ದಿ ಮುಗಿಸಿದರೆ ತಿದ್ದಿದ್ದನ್ನು ತಂತ್ರಾಂಶದ ಒಂದು ಭಾಗ ಗಮನಿಸುತ್ತಲೇ ಇರಲಿಲ್ಲ. ಪರದೆಯ ಮೇಲೆ ಎಲ್ಲವೂ ಸರಿ, ಒಳಗೆ ಯಂತ್ರ ಬೇರೆಯದೇ ಸ್ಥಿತಿಯಲ್ಲಿ. ಆ ಆಸ್ಪತ್ರೆಯ ಭೌತವಿಜ್ಞಾನಿ ಅವಳ ಜೊತೆ ಕೂತು ಮತ್ತೆ ಮತ್ತೆ ಪ್ರಯತ್ನಿಸಿ ದೋಷವನ್ನು ಪತ್ತೆಹಚ್ಚಿದರು. ಕಂಪನಿಯ ಇಂಜಿನಿಯರಿಗೆ ಮೊದಲು ಅದು ಕಾಣಲೇ ಇಲ್ಲ. ವೇಗವಾಗಿ ಟೈಪ್ ಮಾಡಬೇಕು ಎಂದು ಹೇಳಿದ ಮೇಲೆ ಕಂಡಿತು.

ನಿಧಾನವಾಗಿ ಟೈಪ್ ಮಾಡಿ ಪರೀಕ್ಷಿಸಿದವರಿಗೆ ಯಂತ್ರ ಸರಿ. ದಿನಕ್ಕೆ ಹಲವು ರೋಗಿಗಳನ್ನು ನೋಡಿ ಕೈ ಪಳಗಿದವಳಿಗೆ ಅದೇ ಯಂತ್ರ ಅಪಾಯ. ಒಬ್ಬಳೇ ಕೂತು ಪರೀಕ್ಷಿಸಿದ ನನ್ನ ತಪ್ಪೂ ಇದೇ ಜಾತಿಯದು. ನನ್ನ ತಪ್ಪಿನಿಂದ ಒಬ್ಬಳು ತಾರಾಲಯ ನೋಡಲಿಲ್ಲ, ಅಲ್ಲಿ ಜೀವಗಳೇ ಹೋದವು.

ಇನ್ನೊಂದು ಉದಾಹರಣೆ. 1978ರಲ್ಲಿ ರೋಜರ್ ನೀಡಂ ಮತ್ತು ಮೈಕೆಲ್ ಶ್ರೋಡರ್ ಎಂಬ ವಿಜ್ಞಾನಿಗಳು, ನೆಟ್‌ವರ್ಕಿನಲ್ಲಿ ಇಬ್ಬರು ಪರಸ್ಪರರ ಗುರುತನ್ನು ಖಚಿತಪಡಿಸಿಕೊಳ್ಳುವ ವಿಧಾನವೊಂದನ್ನು ಪ್ರಕಟಿಸಿದರು. ಅದರ ತಿರುಳು ಮೂರೇ ಸಂದೇಶಗಳು. ಅಷ್ಟು ಚಿಕ್ಕದರಲ್ಲಿದ್ದ ದೋಷ 17 ವರ್ಷ ಅಡಗಿ ಕೂತಿತ್ತು. 1995ರಲ್ಲಿ ಗೇವಿನ್ ಲೋ ಎಂಬವರು, ನಡುವೆ ಕೂತ ಮೂರನೆಯವನು ಒಬ್ಬರ ಸಂದೇಶವನ್ನು ಇನ್ನೊಬ್ಬರಿಗೆ ದಾಟಿಸಿ ಬೇರೆಯವರ ಸೋಗು ಹಾಕಬಹುದು ಎಂದು ತೋರಿಸಿದರು. ಮರುವರ್ಷ ಅದನ್ನು ಮಾದರಿಯಾಗಿ ಬರೆದು, ಎಫ್‌ಡಿಆರ್ ಎಂಬ ಚೆಕರ್‌ನಿಂದ ಅದೇ ಮೋಸದ ದಾರಿಯನ್ನು ಹೊರತೆಗೆದರು. ಎರಡನೆಯ ಸಂದೇಶದಲ್ಲಿ ಕಳಿಸುವವರ ಹೆಸರನ್ನೂ ಸೇರಿಸಿದರೆ ಆ ದಾರಿ ಮುಚ್ಚುತ್ತದೆ ಎಂದೂ ತೋರಿಸಿದರು. ಮೂರು ಸಂದೇಶಗಳ ವಿಷಯದಲ್ಲೇ ಹೀಗಾದರೆ, ಸಾವಿರಾರು ಸಾಲಿನ ಪ್ರೋಗ್ರಾಂಗಳ ಬಗ್ಗೆ ಹೇಳುವುದೇನು!

ಇಂದು ದೊಡ್ಡ ಕಂಪನಿಗಳೂ ಈ ದಾರಿ ಹಿಡಿದಿವೆ. ಅಮೆಜಾನ್ ತನ್ನ ಕ್ಲೌಡ್ ಸೇವೆಗಳಿಗೆ 2011ರಿಂದ ಟಿಎಲ್‌ಎ ಪ್ಲಸ್ ಬಳಸುತ್ತಿರುವುದಾಗಿ ಅದರ ಇಂಜಿನಿಯರ್‌ಗಳು 2015ರಲ್ಲಿ ಬರೆದರು. ಡೈನಮೋಡಿಬಿ ಎಂಬ ಡೇಟಾಬೇಸಿನ ವಿನ್ಯಾಸದಲ್ಲಿ ಸಿಕ್ಕ ಒಂದು ದೋಷ ಹೊರಬರಬೇಕಾದರೆ ಕಡಿಮೆಯೆಂದರೂ 35 ಹೆಜ್ಜೆಗಳು ಒಂದು ನಿರ್ದಿಷ್ಟ ಕ್ರಮದಲ್ಲಿ ನಡೆಯಬೇಕಿತ್ತು. ಹಾಗಾದರೆ ಗ್ರಾಹಕರ ಮಾಹಿತಿಯೇ ಕಳೆದುಹೋಗಬಹುದಿತ್ತು. ಅನುಭವಿಗಳ ಪರಿಶೀಲನೆ, ಪರೀಕ್ಷೆ ಎಲ್ಲವನ್ನೂ ಅದು ದಾಟಿ ಬಂದಿತ್ತು. ಪ್ಯಾರಿಸ್ಸಿನಲ್ಲಿ 1998ರಲ್ಲಿ ಆರಂಭವಾದ 14ನೆಯ ಮೆಟ್ರೋ ಮಾರ್ಗದಲ್ಲಿ ರೈಲು ಓಡಿಸಲು ಚಾಲಕರಿಲ್ಲ. ಅದರ ಸುರಕ್ಷತೆಯ ತಂತ್ರಾಂಶವನ್ನು ಬಿ ವಿಧಾನದಲ್ಲಿ ಬರೆದರು. ಅಲ್ಲಿ ಮಾದರಿಯಿಂದ ಹಂತ ಹಂತವಾಗಿ ಕೋಡ್‌ಗೆ ಇಳಿಯುತ್ತಾರೆ, ಪ್ರತಿ ಹಂತವೂ ಹಿಂದಿನದಕ್ಕೆ ಹೊಂದುತ್ತದೆ ಎಂದು ಪ್ರಮೇಯದಂತೆ ಸಾಧಿಸುತ್ತಾರೆ.

ಖಾಲಿ ಬಸ್ಸು ಮತ್ತು ಕರೆಂಟು

ಮಾದರಿ ಬರೆದರೆ ಎಲ್ಲ ಮುಗಿಯಿತೆಂದು ಭಾವಿಸಬೇಡಿ. ನಮ್ಮ ತರಗತಿಯಲ್ಲೇ ಎರಡು ಪಾಠ ಸಿಕ್ಕಿತು.

"ಹೆಸರುಗಳು ಸೀಟು ಮೀರಬಾರದು" ಎಂಬ ನಿಯಮ ಬರೆದಾಗ ಒಬ್ಬಳು ನಗುತ್ತಾ, "ಮೇಡಂ, ಯಾರ ಹೆಸರನ್ನೂ ಬರೆಯದಿದ್ದರೆ ನಿಯಮ ಮುರಿಯೋದೇ ಇಲ್ಲ" ಎಂದಳು. ಎಲ್ಲರೂ ನಕ್ಕರು, ಆದರೆ ಮಾತು ಸರಿಯಾಗಿತ್ತು. ಬಸ್ಸು ಖಾಲಿ ಹೋದರೂ ಆ ನಿಯಮಕ್ಕೆ ಭಂಗವಿಲ್ಲ. ಹಾಗಾಗಿ ಎರಡು ಬಗೆಯ ನಿಯಮ ಬೇಕು. ಕೆಟ್ಟದ್ದು ಎಂದೂ ಆಗಬಾರದು ಎಂಬುದು ಒಂದು. ಆಗಬೇಕಾದ ಒಳ್ಳೆಯದು ಎಂದಾದರೂ ಆಗಲೇಬೇಕು ಎಂಬುದು ಇನ್ನೊಂದು. ಸೀಟು ಇರುವವರೆಗೆ ಕೇಳಿದವರ ಹೆಸರು ಕೊನೆಗಾದರೂ ಸೇರಬೇಕು ಎಂದು ನಾವು ಎರಡನೆಯ ನಿಯಮ ಸೇರಿಸಿದೆವು.

ಆಮೇಲೆ ಪರಿಹಾರ ಹುಡುಕಿದೆವು. ಒಂದು ಕಂಪ್ಯೂಟರ್ ಕೆಲಸ ಮಾಡುವಾಗ ಫೈಲಿಗೆ ಬೀಗ ಹಾಕಲಿ, ಮೂರು ಹೆಜ್ಜೆ ಮುಗಿದ ಮೇಲೆ ತೆಗೆಯಲಿ. ಬೋರ್ಡಿನ ಮೇಲೆ ಆ 18 ಕ್ರಮಗಳೂ ಅಳಿಸಿಹೋದವು. ಎಲ್ಲರಿಗೂ ಖುಷಿ. ಆಗ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: "ಬೀಗ ಹಾಕಿದ ಮೇಲೆ ಕರೆಂಟ್ ಹೋದ್ರೆ?"

ನಮ್ಮ ಊರಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಇದಕ್ಕಿಂತ ನ್ಯಾಯವಾದ ಪ್ರಶ್ನೆ ಇನ್ನೊಂದಿಲ್ಲ. 'ಕರೆಂಟ್ ಹೋಗುವುದು' ಎಂಬುದನ್ನೂ ಒಂದು ಕ್ರಿಯೆಯಾಗಿ ಮಾದರಿಗೆ ಸೇರಿಸಿದೆವು, ಯಾವ ಹೆಜ್ಜೆಯ ನಂತರವಾದರೂ ಆಗಬಹುದು ಎಂದು. ಕೂಡಲೇ ಎರಡು ತೊಂದರೆ ಹೊರಬಿದ್ದವು. ಬೀಗ ಹಾಕಿದ ಕಂಪ್ಯೂಟರ್ ಆರಿಹೋದರೆ ಇನ್ನೊಂದು ಸಾಲು ಕಾಯುತ್ತಲೇ ಇರುತ್ತದೆ. ಹೆಸರು ಬರೆದು ಸಂಖ್ಯೆ ಕಳೆಯುವ ಮೊದಲು ಆರಿದರೆ ಮತ್ತೆ ಲೆಕ್ಕ ತಪ್ಪುತ್ತದೆ.

ಎರಡನೆಯದಕ್ಕೆ ಪರಿಹಾರ ಸುಲಭ. ಉಳಿದ ಸೀಟು ಎಂಬ ಸಂಖ್ಯೆಯನ್ನು ಬೇರೆಯಾಗಿ ಇಡುವುದೇ ಬೇಡ. 48ರಿಂದ ಹೆಸರುಗಳ ಸಂಖ್ಯೆ ಕಳೆದರೆ ಅದೇ ಉಳಿದ ಸೀಟು. ಒಂದೇ ಸತ್ಯವನ್ನು ಎರಡು ಕಡೆ ಬರೆದಿಟ್ಟರೆ ಒಂದಲ್ಲ ಒಂದು ದಿನ ಎರಡೂ ಬೇರೆಯಾಗುತ್ತವೆ. ಮೊದಲನೆಯದಕ್ಕೆ ಫೈಲು ಬಿಟ್ಟು ಡೇಟಾಬೇಸಿನ ಟ್ರಾನ್ಸಾಕ್ಷನ್ ಬಳಸಿದೆವು. ಅದರಲ್ಲಿ ಕೆಲಸ ಪೂರ್ತಿಯಾಗುತ್ತದೆ ಅಥವಾ ಆಗಿಯೇ ಇಲ್ಲ ಎಂಬಂತೆ ರದ್ದಾಗುತ್ತದೆ. ನಡುವೆ ಸತ್ತ ಕಂಪ್ಯೂಟರಿನ ಬೀಗವನ್ನು ಡೇಟಾಬೇಸೇ ಬಿಡಿಸುತ್ತದೆ. ಬ್ಯಾಂಕಿನ ಜಂಟಿ ಖಾತೆಯಿಂದ ಇಬ್ಬರು ಒಂದೇ ಹೊತ್ತಿಗೆ ಹಣ ತೆಗೆದರೂ ಲೆಕ್ಕ ತಪ್ಪದಿರಲು ಬೇಕಾದದ್ದೂ ಇಂಥದೇ ವ್ಯವಸ್ಥೆ ಎಂದು ವಾಣಿಜ್ಯ ವಿಭಾಗದವರು ನೆನಪಿಡಬಹುದು.

ಈ ವಿಧಾನದ ಮಿತಿಯೂ ಇಲ್ಲಿಯೇ ಕಾಣುತ್ತದೆ. ಕರೆಂಟ್ ಹೋಗುವುದನ್ನು ನಾವು ಸೇರಿಸದೆ ಇದ್ದಿದ್ದರೆ ಯಾವ ಚೆಕರ್ ಕೂಡ ಅದನ್ನು ಹೇಳುತ್ತಿರಲಿಲ್ಲ. ಮಾದರಿ ಸರಿಯಿದ್ದು ಕೋಡ್ ತಪ್ಪಾಗಿ ಬರೆದರೂ ಪ್ರಯೋಜನವಿಲ್ಲ. ಸ್ಥಿತಿಗಳು ವಿಪರೀತ ಹೆಚ್ಚಾದರೆ ಯಂತ್ರಕ್ಕೂ ಎಣಿಸಿ ಮುಗಿಯುವುದಿಲ್ಲ. ಆದ್ದರಿಂದ ಪರೀಕ್ಷೆಯನ್ನು ಬಿಡುವಂತಿಲ್ಲ. ಆದರೆ ಪರೀಕ್ಷೆಯೊಂದನ್ನೇ ನಂಬಿದರೆ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಗುತ್ತದೆ. ನನಗೆ ಆದದ್ದು ಅದೇ.

ನೀವು ಮಾಡಬಹುದಾದದ್ದು

ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ಕೀಬೋರ್ಡ್ ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ನಾಲ್ಕು ಪ್ರಶ್ನೆಗೆ ಉತ್ತರ ಬರೆಯಿರಿ. ಏನೇನನ್ನು ನೆನಪಿಡಬೇಕು? ಏನೇನು ನಡೆಯಬಹುದು? ಯಾವುದು ಎಂದೂ ಆಗಬಾರದು? ಯಾವುದು ಆಗಲೇಬೇಕು? ಆಮೇಲೆ ಇಬ್ಬರು ಬಳಸುವವರನ್ನೂ ಒಂದೇ ವಸ್ತುವನ್ನೂ ಇಟ್ಟುಕೊಂಡು ಎಲ್ಲ ಕ್ರಮಗಳನ್ನೂ ಪೆನ್ಸಿಲಿನಿಂದ ಬರೆದು ನೋಡಿ. ನಮ್ಮ ದೋಷ ಕಾಣಲು 48 ಸೀಟು ಬೇಕಾಗಲಿಲ್ಲ, ಒಂದೇ ಸಾಕಾಯಿತು.

ಈ ವರ್ಷದ ಪ್ರವಾಸಕ್ಕೂ ಎರಡು ಸಾಲು, ಎರಡು ಕಂಪ್ಯೂಟರ್ ಇದ್ದವು. ಹೆಸರು ಬರೆಸುವ ದಿನ ಎರಡು ಸಲ ಕರೆಂಟ್ ಹೋಯಿತು. ಬೆಳಿಗ್ಗೆ ಗೇಟಿನ ಬಳಿ ನಿಂತು ಎಣಿಸಿದೆ. ಪಟ್ಟಿಯಲ್ಲಿ 48, ಬಸ್ಸಿನಲ್ಲಿ 48. ಕಳೆದ ವರ್ಷ ಇಳಿದುಹೋದ ಹುಡುಗಿ ಈಗ ದ್ವಿತೀಯ ಪಿಯುಸಿ. ಮೂರನೆಯ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಿದ್ದಳು.

ಟಿಎಲ್‌ಎ ಪ್ಲಸ್ ಕಲಿಯಲು ಆಸಕ್ತಿ ಇರುವವರು ಶನಿವಾರ ತರಗತಿ ಮುಗಿದ ಮೇಲೆ ಲ್ಯಾಬ್‌ಗೆ ಬನ್ನಿ. ಬರುವಾಗ ನಿಮ್ಮ ಪ್ರಾಜೆಕ್ಟಿನ ಆ ಹಾಳೆಯನ್ನೂ ತನ್ನಿ.